ಒಂದು ತಂತ್ರಾಂಶ, ಮೂರು ಆಪರೇಟಿಂಗ್ ಸಿಸ್ಟಂ: ಪರೀಕ್ಷೆಯ ಕ್ರಮ ಹೇಗಿರಬೇಕು?

ತೋಟದ ಮಳೆ ಲೆಕ್ಕ, ಕೂಲಿ ಲೆಕ್ಕ, ಕಾಫಿ ಚೀಲಗಳ ಲೆಕ್ಕ ಇಡುವ ಸಣ್ಣ ಮುಕ್ತ ತಂತ್ರಾಂಶಗಳನ್ನು ಬರೆಯುವವರು ಕೊಡಗಿನಲ್ಲಿ ಈಗ ಅಲ್ಲಲ್ಲಿ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಮುಗ್ಗರಿಸುವುದು ಒಂದೇ ಜಾಗದಲ್ಲಿ. ತಮ್ಮ ಉಬುಂಟು ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತಿದ್ದ ತಂತ್ರಾಂಶ, ತೋಟದ ಲೆಕ್ಕ ಬರೆಯುವ ರೈಟರ ಮೇಜಿನ ಮೇಲಿರುವ ವಿಂಡೋಸ್ ಕಂಪ್ಯೂಟರಿಗೆ ಹೋದೊಡನೆ ನಿಲ್ಲುತ್ತದೆ, ಇಲ್ಲವೇ ಓಡಿದಂತೆ ಕಂಡು ಹೆಸರುಗಳನ್ನೆಲ್ಲ ಕಲಸಿಬಿಡುತ್ತದೆ. ಆಗ ಅವರು ಮೊದಲು ಕೈಹಾಕುವುದು ವರ್ಚುವಲ್ ಯಂತ್ರ, ಅಂದರೆ ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರನ್ನು ಕೂರಿಸುವ ಕೆಲಸಕ್ಕೆ. ನಾನು ಹೇಳುವ ಕ್ರಮದಲ್ಲಿ ಅದು ಆರನೆಯ ಹಂತ. ಕಾರಣ ಸರಳವಾಗಿದೆ: ಆಪರೇಟಿಂಗ್ ಸಿಸ್ಟಂ ಬದಲಾದಾಗ ಬರುವ ದೋಷಗಳಲ್ಲಿ ದೊಡ್ಡ ಪಾಲು ಫೈಲುಗಳ ಹೆಸರು, ಅಕ್ಷರ ಸಂಕೇತ, ಸಾಲಿನ ಕೊನೆ, ಸಮಯ ಇವುಗಳಿಂದ ಹುಟ್ಟುತ್ತದೆ. ಇವನ್ನು ಹಿಡಿಯಲು, ಐದನೆಯ ಹಂತದಲ್ಲಿ ಬರುವ ದೂರದ ಪರೀಕ್ಷಾ ಯಂತ್ರಗಳಿಗೆ ಕೆಲವು ಕಿಲೋಬೈಟುಗಳನ್ನು ಕಳುಹಿಸುವಷ್ಟು ಸಿಗ್ನಲ್ ಸಾಕು. ವಿಂಡೋಸ್ 11ರ ಅನುಸ್ಥಾಪನೆಗೆ ಬೇಕಾದ ಐಎಸ್‌ಒ ಫೈಲೊಂದೇ 5 ಜಿಬಿಗಿಂತ ದೊಡ್ಡದು. ಜುಲೈ ತಿಂಗಳಿನಲ್ಲಿ ಭಾಗಮಂಡಲದ ಕಡೆ ಕುಳಿತು ಅದನ್ನು ಇಳಿಸಿಕೊಳ್ಳುವ ಸಾಹಸದಿಂದ ಪರೀಕ್ಷೆ ಆರಂಭವಾಗಬೇಕಾಗಿಲ್ಲ.

ಉದಾಹರಣೆಗೆ, ದಿನದ ಮಳೆಯನ್ನು, ಅಲ್ಪವಿರಾಮಗಳಿಂದ ಬೇರ್ಪಟ್ಟ ಪಠ್ಯವಾದ ಸಿಎಸ್‌ವಿ ಫೈಲಿನಲ್ಲಿ ಬರೆದಿಟ್ಟು ತಿಂಗಳ ವರದಿ ಕೊಡುವ, ಪೈಥಾನ್‌ನಲ್ಲಿ ಬರೆದ ಒಂದು ತಂತ್ರಾಂಶವನ್ನು ಇಟ್ಟುಕೊಳ್ಳೋಣ. ಬೇರೆ ಭಾಷೆಯಲ್ಲಿ ಬರೆಯುವವರಿಗೂ ಹಂತಗಳ ಕ್ರಮ ಇದೇ.

ಬೇಕಾಗುವ ಸಲಕರಣೆ

ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್, ಸಾರ್ವಜನಿಕ ರೆಪಾಸಿಟರಿ (ಕೋಡ್ ಸಂಗ್ರಹ) ಇರುವ ಗಿಟ್‌ಹಬ್ ಖಾತೆ, ಪೈಟೆಸ್ಟ್‌ನಂಥ ಪರೀಕ್ಷಾ ಚೌಕಟ್ಟು, ಸಾಧ್ಯವಾದರೆ 16 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್, ಒಂದು ಹೊರಗಿನ ಹಾರ್ಡ್ ಡಿಸ್ಕ್. ಡೆಸ್ಕ್‌ಟಾಪ್ ಬಳಸುವವರಾದರೆ ಯುಪಿಎಸ್ ಇಲ್ಲದೆ ಆರನೆಯ ಹಂತಕ್ಕೆ ಹೋಗಬೇಡಿ.

ಹಂತ 1: ಯಾವುದಕ್ಕೆ ಹೊಣೆ ಹೊರುತ್ತೀರಿ ಎಂಬುದನ್ನು ಬರೆದಿಡಿ

"ಎಲ್ಲ ಕಡೆ ಓಡುತ್ತದೆ" ಎಂಬ ಮಾತನ್ನು ಪರೀಕ್ಷಿಸಲು ಯಾರಿಂದಲೂ ಆಗದು. ಆದ್ದರಿಂದ ಮೂರು ಪಟ್ಟಿಗಳನ್ನು ಮಾಡಿ. ಮೊದಲನೆಯದು, ಪ್ರತಿ ಬದಲಾವಣೆಗೂ ಪರೀಕ್ಷೆ ನಡೆಯುವ ಸಿಸ್ಟಂಗಳದ್ದು. ಎರಡನೆಯದು, ಹೊಸ ಆವೃತ್ತಿ ಬಿಡುವ ಮುನ್ನ ಮಾತ್ರ ನೋಡುವವುಗಳದ್ದು. ಮೂರನೆಯದು, ಯಾರಾದರೂ ದೂರು ಕೊಟ್ಟರೆ ನೋಡುವವುಗಳದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆಯಾದರೂ, ನಿಮ್ಮ ಬಳಕೆದಾರರ ಕಚೇರಿಯಲ್ಲಿ ಅದೇ ಇದ್ದರೆ ಅದು ಎರಡನೆಯ ಪಟ್ಟಿಯಲ್ಲಾದರೂ ಇರಬೇಕು. ಮ್ಯಾಕ್ ಎಂದಷ್ಟೇ ಬರೆದರೆ ಸಾಲದು. ಇಂಟೆಲ್ ಚಿಪ್ಪಿನ ಮ್ಯಾಕ್ ಬೇರೆ, 2020ರ ಕೊನೆಯಿಂದ ಬರುತ್ತಿರುವ ಆಪಲ್ ಚಿಪ್ಪಿನ ಮ್ಯಾಕ್ ಬೇರೆ.

ಈ ಪಟ್ಟಿಯನ್ನು ಓದುಗರ ಕಣ್ಣಿಗೆ ಬೀಳುವ ರೀಡ್‌ಮಿ ಫೈಲಿನಲ್ಲೇ ಇಡಿ. ಪಟ್ಟಿ ಬರೆಯಲು ಕುಳಿತಾಗ ಬಳಕೆದಾರರ ಬಳಿ ಏನಿದೆ ಎಂಬುದೇ ಗೊತ್ತಿಲ್ಲವೆಂದಾದರೆ, ಮುಂದಿನ ಹಂತಕ್ಕೆ ಹೋಗುವ ಮೊದಲು ನಾಲ್ಕು ಫೋನ್ ಮಾಡಿ ವಿಚಾರಿಸುವುದು ಒಳ್ಳೆಯದು.

ಹಂತ 2: ರೆಪಾಸಿಟರಿಯನ್ನು ಮೊದಲು ಶುದ್ಧಗೊಳಿಸಿ

ವಿಂಡೋಸ್ ಸಾಲಿನ ಕೊನೆಗೆ ಎರಡು ಅದೃಶ್ಯ ಚಿಹ್ನೆಗಳನ್ನು ಇಡುತ್ತದೆ, ಲಿನಕ್ಸ್ ಮತ್ತು ಮ್ಯಾಕ್ ಒಂದನ್ನು ಮಾತ್ರ. ಇದನ್ನು ಪ್ರತಿಯೊಬ್ಬರ ಗಿಟ್ ಸೆಟ್ಟಿಂಗಿಗೆ ಬಿಟ್ಟರೆ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಆಗುತ್ತದೆ. ರೆಪಾಸಿಟರಿಯ ಮೂಲ ಫೋಲ್ಡರಿನಲ್ಲಿ ಗಿಟ್‌ಆಟ್ರಿಬ್ಯೂಟ್ಸ್ (.gitattributes) ಫೈಲೊಂದನ್ನು ಇಟ್ಟು, ಪಠ್ಯ ಫೈಲುಗಳನ್ನು ಗಿಟ್ ತಾನೇ ಗುರುತಿಸಿ ಸರಿಪಡಿಸುವಂತೆಯೂ, ಆಜ್ಞೆಗಳ ಸಾಲಾದ ಶೆಲ್ ಸ್ಕ್ರಿಪ್ಟ್‌ಗಳು ಎಲ್ಲೆಡೆ ಲಿನಕ್ಸ್ ರೀತಿಯಲ್ಲೇ ಉಳಿಯುವಂತೆಯೂ ಸೂಚಿಸಿ. ಲಿನಕ್ಸ್‌ನಲ್ಲಿ ಸ್ಕ್ರಿಪ್ಟ್ ಓಡಿಸಿದಾಗ "ಬ್ಯಾಡ್ ಇಂಟರ್‌ಪ್ರಿಟರ್" ಎಂಬ ದೂರು ಬಂದು, ಅದರ ಬಾಲದಲ್ಲಿ ವಿಚಿತ್ರವಾದ ಎಂ ಅಕ್ಷರ ಕಂಡರೆ, ಈ ಕೆಲಸ ಆಗಿಲ್ಲವೆಂದೇ ಅರ್ಥ.

ಬಳಿಕ ಫೈಲುಗಳ ಹೆಸರನ್ನು ನೋಡಿ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಲಿನಕ್ಸ್ ಬೇರೆ ಬೇರೆಯೆಂದು ಎಣಿಸುತ್ತದೆ. ವಿಂಡೋಸ್ ಮತ್ತು ಮ್ಯಾಕ್ ರೂಢಿಯ ಸ್ಥಿತಿಯಲ್ಲಿ ಒಂದೇ ಎಂದು ಎಣಿಸುತ್ತವೆ. ಅಕ್ಷರದ ಗಾತ್ರದಲ್ಲಷ್ಟೇ ವ್ಯತ್ಯಾಸವಿರುವ ಎರಡು ಫೈಲುಗಳಿದ್ದರೆ, ವಿಂಡೋಸ್‌ನಲ್ಲಿ ಕ್ಲೋನ್ (ನಕಲು) ಮಾಡಿದಾಗ ಅವುಗಳಲ್ಲಿ ಒಂದು ಕಾಣೆಯಾಗುತ್ತದೆ. ವಿಂಡೋಸ್ ಹೆಸರಿನೊಳಗೆ ಎರಡು ಚುಕ್ಕಿಯನ್ನು (:) ಒಪ್ಪುವುದಿಲ್ಲವಾದ್ದರಿಂದ, ವರದಿಯ ಹೆಸರಿಗೆ ಗಂಟೆ ನಿಮಿಷಗಳನ್ನು ಎರಡು ಚುಕ್ಕಿಯೊಂದಿಗೆ ಸೇರಿಸುವ ಅಭ್ಯಾಸ ಬಿಡಬೇಕು. CON, PRN, AUX, NUL ಎಂಬ ಇಂಗ್ಲಿಷ್ ಹೆಸರುಗಳು ಅಲ್ಲಿ ಹಿಂದಿನಿಂದಲೂ ಸಿಸ್ಟಂಗೆ ಮೀಸಲು. ಫೋಲ್ಡರ್‌ಗಳ ನಡುವಿನ ಗೆರೆಯನ್ನು ಕೈಯಿಂದ ಬರೆಯದೆ ಪೈಥಾನ್‌ನ ಪಾತ್‌ಲಿಬ್‌ಗೆ ವಹಿಸಿ.

ವಿಂಡೋಸ್‌ನಿಂದ ಗಿಟ್‌ಗೆ ಸೇರಿಸಿದ ಸ್ಕ್ರಿಪ್ಟಿಗೆ "ಓಡಿಸಬಹುದು" ಎಂಬ ಅನುಮತಿ ತಾನಾಗಿ ಅಂಟಿಕೊಳ್ಳುವುದಿಲ್ಲ ಎಂಬುದನ್ನೂ ನೆನಪಿಡಿ. ಅದನ್ನು ಗಿಟ್‌ನಲ್ಲೇ ಕೊಡಬೇಕಾಗುತ್ತದೆ.

ಹಂತ 3: ಪರೀಕ್ಷೆಗೆ ಕಠಿಣವಾದ ದತ್ತಾಂಶ ಆರಿಸಿ

ಕನ್ನಡ ದತ್ತಾಂಶದ ಮಟ್ಟಿಗೆ ಈ ಹಂತ ಉಳಿದೆಲ್ಲಕ್ಕಿಂತ ಮುಖ್ಯವೆಂಬುದು ನನ್ನ ಅಭಿಪ್ರಾಯ. "ಟೆಸ್ಟ್ 1", "ಎಬಿಸಿ" ಎಂದು ತುಂಬಿಸಿದ ಮಾದರಿ ಫೈಲುಗಳು ಎಲ್ಲ ಸಿಸ್ಟಂಗಳಲ್ಲೂ ಪಾಸಾಗುತ್ತವೆ, ಯಾವ ದೋಷವನ್ನೂ ತೋರಿಸುವುದಿಲ್ಲ.

ಕನ್ನಡವನ್ನು ಹಾಕಿದರೂ ಸಾಲದು, ಯಾವ ಕನ್ನಡ ಎಂಬುದನ್ನು ನೋಡಬೇಕು. ಪೈಥಾನ್ 3.14ರವರೆಗಿನ ಆವೃತ್ತಿಗಳಲ್ಲಿ, ಫೈಲು ತೆರೆಯುವಾಗ ಅಕ್ಷರ ಸಂಕೇತ ಯಾವುದೆಂದು ಹೇಳದಿದ್ದರೆ, ವಿಂಡೋಸ್‌ನಲ್ಲಿ ಸಾಮಾನ್ಯವಾಗಿ 1252 ಎಂಬ ಹಳೆಯ ಪಾಶ್ಚಾತ್ಯ ಕೋಷ್ಟಕ ಬಳಕೆಯಾಗುತ್ತದೆ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡಿನ ಯುಟಿಎಫ್-8 ರೂಪದಲ್ಲಿರುವ ಕನ್ನಡ ಫೈಲನ್ನು ಹೀಗೆ ಓದಿಸಿ ನೋಡಿ. "ಮಡಿಕೇರಿ" ಎಂಬ ಹೆಸರು ಯಾವ ದೂರೂ ಇಲ್ಲದೆ ಒಳಗೆ ಬರುತ್ತದೆ, ಆದರೆ ಅರ್ಥವಿಲ್ಲದ ಚಿಹ್ನೆಗಳ ರೂಪದಲ್ಲಿ. "ಗೋಣಿಕೊಪ್ಪಲು" ಎಂಬಲ್ಲಿ ಮಾತ್ರ ಪ್ರೋಗ್ರಾಮು ಯೂನಿಕೋಡ್ ದೋಷ ತೋರಿಸಿ ನಿಲ್ಲುತ್ತದೆ. ವ್ಯತ್ಯಾಸ ಇರುವುದು ಬೈಟುಗಳಲ್ಲಿ: ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆಯ ಮತ್ತು ಹ್ರಸ್ವ ಉಕಾರದ ಕೊಂಬಿನ ಕೊನೆಯ ಬೈಟುಗಳಿಗೆ ಆ ಕೋಷ್ಟಕದಲ್ಲಿ ಜಾಗವೇ ಇಲ್ಲ, ಮಡಿಕೇರಿಯ ಎಲ್ಲ ಬೈಟುಗಳಿಗೂ ಇದೆ. ಇನ್ನೂ ಕೆಟ್ಟದ್ದೆಂದರೆ, ತಪ್ಪಾಗಿ ಓದಿದ "ಮಡಿಕೇರಿ"ಯನ್ನು ಅದೇ ಕೋಷ್ಟಕದಲ್ಲಿ ಮತ್ತೆ ಬರೆದರೆ ಮೂಲದ ಬೈಟುಗಳೇ ಹಿಂದಿರುಗುತ್ತವೆ. ಆದುದರಿಂದ ಒಳಬಂದ ಫೈಲನ್ನೂ ಹೊರಹೋದ ಫೈಲನ್ನೂ ಹೋಲಿಸುವ ಪರೀಕ್ಷೆ ಪಾಸಾಗುತ್ತದೆ, ತೆರೆಯ ಮೇಲೆ ಮಾತ್ರ ಕಸ ಕಾಣುತ್ತದೆ. ಪರಿಹಾರ ಎರಡು. ಫೈಲು ತೆರೆಯುವ ಪ್ರತಿ ಕಡೆಯಲ್ಲೂ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯಿರಿ; ಪರೀಕ್ಷೆಯಲ್ಲಿ ಎರಡೂ ಊರುಗಳ ಹೆಸರನ್ನು ಇಟ್ಟು, ಓದಿದ ಪಠ್ಯವನ್ನು ಪ್ರೋಗ್ರಾಮಿನೊಳಗೇ ಬರೆದಿಟ್ಟ ಪದದೊಂದಿಗೆ ಹೋಲಿಸಿ.

ಗೋಣಿಕೊಪ್ಪಲು ಇನ್ನೊಂದು ಕಾರಣಕ್ಕೂ ಒಳ್ಳೆಯ ಪರೀಕ್ಷೆ. ಯೂನಿಕೋಡ್‌ನಲ್ಲಿ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ, ಊಕಾರ, ದೀರ್ಘ ಚಿಹ್ನೆ ಎಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಕೂಡಿಸಿ ಬರೆದ ಗೋಣಿಕೊಪ್ಪಲಿನಲ್ಲಿ 11 ಸಂಕೇತಗಳಿದ್ದರೆ ಪೂರ್ತಿ ಬಿಡಿಸಿ ಬರೆದದ್ದರಲ್ಲಿ 14 ಇರುತ್ತವೆ. ಕಣ್ಣಿಗೆ ಎರಡೂ ಒಂದೇ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. 2017ರಲ್ಲಿ ಮ್ಯಾಕ್‌ಗೆ ಬಂದ ಎಪಿಎಫ್‌ಎಸ್ ಕೊಟ್ಟಂತೆಯೇ ಉಳಿಸಿಕೊಂಡರೂ, ಹುಡುಕುವಾಗ ಎರಡನ್ನೂ ಒಂದೇ ಎಂದು ನೋಡುತ್ತದೆ. ಲಿನಕ್ಸ್‌ನಲ್ಲಾದರೋ ಒಂದೇ ಫೋಲ್ಡರಿನಲ್ಲಿ ಎರಡು "ಗೋಣಿಕೊಪ್ಪಲು" ಫೈಲುಗಳು ಅಕ್ಕಪಕ್ಕ ಕೂರಬಲ್ಲವು. ಮಳೆ ವರದಿಯಲ್ಲಿ ಒಂದೇ ಊರು ಎರಡು ಸಾಲುಗಳಲ್ಲಿ ಬಂದು, ಒಟ್ಟು ಮೊತ್ತ ಒಡೆದುಹೋಗಿದ್ದರೆ ಮೊದಲು ಇದನ್ನೇ ಶಂಕಿಸಿ. ಹೆಸರುಗಳು ಒಳಬರುವ ಬಾಗಿಲಲ್ಲೇ ಅವನ್ನು ಕೂಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ ತರುವುದು ಸರಿಯಾದ ಕ್ರಮ.

ಉದ್ದವಾದ ಹೆಸರಿನ ಫೈಲೂ ಒಂದಿರಲಿ. ಲಿನಕ್ಸ್‌ನ ಎಕ್ಸ್ಟ್4 ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟು. ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟು ಬೇಕಾಗುವುದರಿಂದ 85 ಸಂಕೇತಗಳಿಗೇ ಮಿತಿ ಮುಗಿಯುತ್ತದೆ. ವಿಂಡೋಸ್ ಎಣಿಸುವ ರೀತಿ ಬೇರೆಯಾದುದರಿಂದ ಅಲ್ಲಿ ಉಳಿದ ಹೆಸರು ಇಲ್ಲಿ ಉಳಿಯುವುದಿಲ್ಲ.

ಎಕ್ಸೆಲ್‌ನ ವಿಷಯ ಹೇಳದೆ ಈ ಹಂತ ಮುಗಿಯದು, ಏಕೆಂದರೆ ರೈಟರು ಸಿಎಸ್‌ವಿ ಫೈಲನ್ನು ತೆರೆಯುವುದು ಅದರಲ್ಲೇ. ಯುಟಿಎಫ್-8 ಫೈಲಿನ ತಲೆಯಲ್ಲಿ ಬಿಒಎಂ ಎಂಬ ಅದೃಶ್ಯ ಗುರುತು ಇಲ್ಲದಿದ್ದರೆ, ಡಬಲ್ ಕ್ಲಿಕ್ ಮಾಡಿದಾಗ ವಿಂಡೋಸ್‌ನ ಎಕ್ಸೆಲ್ ಕನ್ನಡವನ್ನು ಸಾಮಾನ್ಯವಾಗಿ ತಪ್ಪಾಗಿ ಓದುತ್ತದೆ. ಗುರುತು ಇದ್ದರೆ, ಅದನ್ನು ನಿರೀಕ್ಷಿಸದ ನಿಮ್ಮ ಪ್ರೋಗ್ರಾಮು ಮೊದಲ ಕಾಲಮ್ಮಿನ "ದಿನಾಂಕ" ಎಂಬ ಶೀರ್ಷಿಕೆಗೆ ಆ ಗುರುತನ್ನೂ ಅಂಟಿಸಿಕೊಂಡು, ಎದುರಿಗೇ ಇರುವ ಕಾಲಮ್ಮು ಸಿಗಲಿಲ್ಲ ಎನ್ನುತ್ತದೆ. ಎರಡು ಬಗೆಯ ಫೈಲುಗಳನ್ನೂ ಪರೀಕ್ಷೆಯಲ್ಲಿಡಿ.

ಇಲ್ಲಿನ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆಯುವ ರೂಢಿಯಿದೆಯಷ್ಟೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರು. 2 ಇಂಚು 50 ಸೆಂಟನ್ನು 2.50 ಎಂದು ಬರೆದ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಹಾಗೆಯೇ ಉಳಿಸಿದರೆ ಅದು 2.5 ಆಗುತ್ತದೆ. ಚುಕ್ಕಿಯ ಬಲಗಡೆಯದ್ದನ್ನು ಕತ್ತರಿಸಿ ಸೆಂಟೆಂದು ಓದುವ ಪ್ರೋಗ್ರಾಮಿಗೆ ಅದು 5 ಸೆಂಟು, 63.5 ಮಿಲಿಮೀಟರಿನ ಮಳೆ 52.07ಕ್ಕೆ ಇಳಿಯಿತು. ಈ ಸಾಲೂ ನಿಮ್ಮ ಮಾದರಿ ಫೈಲಿನಲ್ಲಿರಲಿ.

ಹಂತ 4: ಗಡಿಯಾರ ಮತ್ತು ಬೀಗ

ಹಗಲಿನಲ್ಲಿ ಪಾಸಾಗಿ, ಮಧ್ಯರಾತ್ರಿಯಿಂದ ಬೆಳಗಿನ ಜಾವ 5.30ರವರೆಗೆ ಫೇಲಾಗುವ ಪರೀಕ್ಷೆ ಕಂಡರೆ ಅದು ಸಮಯ ವಲಯದ ದೋಷ. ದೂರದ ಪರೀಕ್ಷಾ ಯಂತ್ರಗಳು ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿ ಓಡುತ್ತವೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದಿದ್ದೇವೆ. "ಇಂದು" ಎಂಬುದನ್ನು ಯಂತ್ರವನ್ನು ಕೇಳಬೇಡಿ. ಏಷ್ಯಾ/ಕೋಲ್ಕತ್ತಾ ವಲಯವನ್ನು ಹೆಸರಿಸಿ ಕೇಳಿ, ಪರೀಕ್ಷೆಯಲ್ಲಿ ಗಡಿಯಾರವನ್ನು ಒಂದು ನಿಗದಿತ ಕ್ಷಣಕ್ಕೆ ನಿಲ್ಲಿಸಿ. ವಿಂಡೋಸ್‌ನಲ್ಲಿ ಪೈಥಾನ್‌ಗೆ ಈ ವಲಯಗಳ ಪಟ್ಟಿ ಸಿಸ್ಟಂನಿಂದ ಸಿಗುವುದಿಲ್ಲವಾದ್ದರಿಂದ ಟಿಝಡ್‌ಡೇಟಾ ಪ್ಯಾಕೇಜನ್ನು ಅವಲಂಬನೆಗಳ ಪಟ್ಟಿಗೆ ಸೇರಿಸಬೇಕು. ತಾರೀಖಿನ ಮುಂದಿನ ಸೊನ್ನೆ ತೆಗೆಯಲು ಲಿನಕ್ಸ್‌ನಲ್ಲಿ ಬಳಸುವ ಅಡ್ಡಗೆರೆಯ ಸಂಕೇತವೂ (%-d) ವಿಂಡೋಸ್‌ನಲ್ಲಿ ನಡೆಯದು.

ಬೀಗದ ವಿಷಯಕ್ಕೆ ಬಂದರೆ, ತೆರೆದಿರುವ ಫೈಲನ್ನು ಅಳಿಸಲು ಲಿನಕ್ಸ್ ಬಿಡುತ್ತದೆ, ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ. ರೈಟರು ಮಳೆ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಿಟ್ಟು ಊಟಕ್ಕೆ ಹೋಗಿರುವಾಗ ನಿಮ್ಮ ತಂತ್ರಾಂಶ ಅದೇ ಫೈಲಿಗೆ ಬರೆಯಲು ಹೋದರೆ "ಅನುಮತಿ ಇಲ್ಲ" ಎಂಬ ದೋಷ ಬರುತ್ತದೆ. ಆಗ ದಾಖಲೆ ಕಳೆದುಹೋಗದೆ, ಅರ್ಥವಾಗುವ ಕನ್ನಡದಲ್ಲಿ ಒಂದು ಸೂಚನೆ ಬರುತ್ತದೆಯೇ ಎಂಬುದಕ್ಕೆ ಪ್ರತ್ಯೇಕ ಪರೀಕ್ಷೆ ಬರೆಯಿರಿ.

ಹಂತ 5: ಮೂರೂ ಸಿಸ್ಟಂಗಳಲ್ಲಿ ತಾನಾಗಿ ನಡೆಯುವ ಪರೀಕ್ಷೆ

ಗಿಟ್‌ಹಬ್ ಆಕ್ಷನ್ಸ್ ಎಂಬ ಸೇವೆ ಸಾರ್ವಜನಿಕ ರೆಪಾಸಿಟರಿಗಳಿಗೆ ಉಬುಂಟು, ವಿಂಡೋಸ್, ಮ್ಯಾಕ್ ಮೂರರ ಸಾಮಾನ್ಯ ಯಂತ್ರಗಳನ್ನೂ ಶುಲ್ಕವಿಲ್ಲದೆ ಒದಗಿಸುತ್ತದೆ. ನೀವು ಕೋಡ್ ಕಳುಹಿಸಿದರೆ ಸಾಕು, ಪರೀಕ್ಷೆ ನಡೆಯುವುದು ಅಲ್ಲಿ. ನಡುವೆ ಮನೆಯಲ್ಲಿ ಕರೆಂಟ್ ಹೋದರೂ ಅದು ನಿಲ್ಲುವುದಿಲ್ಲ.

ಮೊದಲು ಉಬುಂಟು ಒಂದನ್ನೇ ಸೇರಿಸಿ ಹಸಿರಾಗಿಸಿ (ಅಂದರೆ ಎಲ್ಲ ಪರೀಕ್ಷೆ ಪಾಸಾಗಲಿ), ಆಮೇಲೆ ವಿಂಡೋಸ್ ಸೇರಿಸಿ, ಕೊನೆಗೆ ಮ್ಯಾಕ್. ಮೂರನ್ನೂ ಒಮ್ಮೆಗೇ ಸೇರಿಸಿದವರು ಕೆಂಪು ಗುರುತುಗಳ ರಾಶಿಯನ್ನು ನೋಡಿ ಕೈಚೆಲ್ಲುತ್ತಾರೆ. ಒಂದು ಯಂತ್ರ ಫೇಲಾದರೆ ಉಳಿದವನ್ನೂ ರದ್ದುಮಾಡುವುದು ಇಲ್ಲಿನ ರೂಢಿಯ ಸ್ಥಿತಿ. ಫೇಲ್-ಫಾಸ್ಟ್ ಎಂಬ ಆ ಆಯ್ಕೆಯನ್ನು ಆಫ್ ಮಾಡದಿದ್ದರೆ, ವಿಂಡೋಸ್‌ನ ದೋಷದಿಂದಾಗಿ ಮ್ಯಾಕ್‌ನ ಫಲಿತಾಂಶವೇ ನಿಮಗೆ ಸಿಗುವುದಿಲ್ಲ. ಯಂತ್ರದ ಹೆಸರಿಗೆ "ಲೇಟೆಸ್ಟ್" ಎಂದು ಬರೆಯುವ ಬದಲು ಆವೃತ್ತಿಯ ಸಂಖ್ಯೆ ಬರೆಯಿರಿ, ಇಲ್ಲವಾದರೆ ನೀವು ಏನನ್ನೂ ಮುಟ್ಟದ ದಿನವೂ ಪರೀಕ್ಷೆ ಮುರಿಯಬಹುದು.

ಇಲ್ಲಿನ ಅಪಾಯದ ಸೂಚನೆಗಳು ಮೂರು. ಹಸಿರು ಗುರುತು ಬಂದಿದ್ದರೂ ವಿಂಡೋಸ್‌ನಲ್ಲಿ ನಡೆದ ಪರೀಕ್ಷೆಗಳ ಸಂಖ್ಯೆ ಉಬುಂಟುವಿನದಕ್ಕಿಂತ ಕಡಿಮೆಯಿದ್ದರೆ ಯಾರೋ ಅವನ್ನು ಸದ್ದಿಲ್ಲದೆ ಬಿಟ್ಟುಬಿಡುವಂತೆ ಬರೆದಿದ್ದಾರೆ. ಸಂಖ್ಯೆಗಳನ್ನು ಹೋಲಿಸಿ ನೋಡಿ. ಎರಡನೆಯದು, ಇನ್ನೊಮ್ಮೆ ಓಡಿಸಿದರೆ ಪಾಸಾಗುವ ಪರೀಕ್ಷೆ. ಅದನ್ನು ಪಾಸು ಎಂದು ಲೆಕ್ಕಕ್ಕೆ ಹಿಡಿಯಬೇಡಿ, ಬೀಗವೋ ಗಡಿಯಾರವೋ ಎಂದು ಹುಡುಕಿ. ಮೂರನೆಯದು, ಮ್ಯಾಕ್‌ನಲ್ಲಿ ಮಾತ್ರ ಮುರಿಯುವ ಶೆಲ್ ಸ್ಕ್ರಿಪ್ಟ್. ಮ್ಯಾಕ್‌ನೊಂದಿಗೆ ಬರುವ ಬ್ಯಾಶ್ ಇನ್ನೂ 3.2ನೆಯ ಆವೃತ್ತಿ, ಅಲ್ಲಿನ ಸೆಡ್, ಡೇಟ್ ಆಜ್ಞೆಗಳೂ ಲಿನಕ್ಸ್‌ನವಲ್ಲ, ಬಿಎಸ್‌ಡಿ ಎಂಬ ಇನ್ನೊಂದು ಸಿಸ್ಟಂನ ವಂಶದವು. ಸ್ಕ್ರಿಪ್ಟನ್ನು ತಿದ್ದುತ್ತ ಕೂರುವುದಕ್ಕಿಂತ ಆ ಕೆಲಸವನ್ನು ಪೈಥಾನ್‌ಗೇ ವಹಿಸುವುದು ಲೇಸು.

ಬೇರೆ ಬೇರೆ ಲಿನಕ್ಸ್‌ಗಳ ಪರೀಕ್ಷೆಗೆ ಕಂಟೇನರ್, ಅಂದರೆ ಪೂರ್ತಿ ಯಂತ್ರವಿಲ್ಲದೆ ಇನ್ನೊಂದು ಲಿನಕ್ಸ್‌ನ ಪರಿಸರವನ್ನಷ್ಟೇ ಓಡಿಸುವ ವ್ಯವಸ್ಥೆ ಸಾಕು.

ಹಂತ 6: ವರ್ಚುವಲ್ ಯಂತ್ರ, ಬೇಕಾದಾಗ ಮಾತ್ರ

ಐದನೆಯ ಹಂತದಲ್ಲಿ ಕಂಡ ದೋಷಕ್ಕೆ ಕಾರಣ ತಿಳಿಯದಿದ್ದಾಗ, ಅಥವಾ ತೆರೆಯನ್ನು ಕಣ್ಣಾರೆ ನೋಡಬೇಕಾದಾಗ ಇದು ಬೇಕು. ಪೇಟೆಯಲ್ಲಿ ಒಳ್ಳೆಯ ಸಂಪರ್ಕ ಸಿಕ್ಕಾಗ ಐಎಸ್‌ಒ ಫೈಲನ್ನು, ನಿಂತಲ್ಲಿಂದ ಮುಂದುವರಿಸಬಲ್ಲ ಡೌನ್‌ಲೋಡ್ ಸಾಧನದಿಂದ ಇಳಿಸಿಕೊಂಡು, ಫೈಲಿನ ಬೆರಳಚ್ಚಿನಂಥ ಶಾ-256 ಮೊತ್ತವನ್ನು ಪ್ರಕಟಿತ ಮೊತ್ತದೊಂದಿಗೆ ತಾಳೆ ನೋಡಿ ಹೊರಗಿನ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ತಾಳೆ ನೋಡದೆ ಅನುಸ್ಥಾಪನೆಗೆ ಇಳಿದರೆ, ಅರ್ಧದಲ್ಲಿ ಬರುವ ಅಸಂಬದ್ಧ ದೋಷಗಳ ಮೂಲ ಹುಡುಕುವುದರಲ್ಲೇ ದಿನ ಕಳೆಯುತ್ತದೆ. ವಿಂಡೋಸ್ ಎಂಟರ್‌ಪ್ರೈಸ್‌ನ 90 ದಿನಗಳ ಪರೀಕ್ಷಾರ್ಥ ಆವೃತ್ತಿಯನ್ನು ಮೈಕ್ರೋಸಾಫ್ಟ್ ಕೊಡುತ್ತದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಒಟ್ಟು 8 ಜಿಬಿ ಇರುವ ಲ್ಯಾಪ್‌ಟಾಪಿನಲ್ಲಿ ಇದು ತೆವಳುತ್ತದೆ, ಓಡುವುದಿಲ್ಲ.

ಲಿನಕ್ಸ್ ಬಳಸುವವರಿಗೆ ಕರ್ನಲ್ಲಿನೊಳಗೇ (ಸಿಸ್ಟಂನ ತಿರುಳಿನಲ್ಲೇ) ಇದ್ದು ವರ್ಚುವಲ್ ಯಂತ್ರ ಓಡಿಸುವ ಕೆವಿಎಂ ಮತ್ತು ಅದನ್ನು ನಡೆಸುವ ವರ್ಟ್-ಮ್ಯಾನೇಜರ್ ಜೋಡಿ ನನ್ನ ಆಯ್ಕೆ. ಯಂತ್ರ ಆರಂಭವೇ ಆಗದಿದ್ದರೆ ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆಯ್ಕೆ ಮುಚ್ಚಿದೆಯೇ ಎಂದು ಮೊದಲು ನೋಡಿ. ಅನುಸ್ಥಾಪನೆ ಮುಗಿದು ನಿಮ್ಮ ತಂತ್ರಾಂಶ ಹಾಕುವ ಮೊದಲು, ಒಳಗಿನ ವಿಂಡೋಸನ್ನು ಪೂರ್ತಿ ಶಟ್ ಡೌನ್ ಮಾಡಿ, ಆ ಸ್ಥಿತಿಯ ನಕಲಾದ ಸ್ನ್ಯಾಪ್‌ಶಾಟ್ ತೆಗೆಯಿರಿ. ಮಳೆಗಾಲದಲ್ಲಿ ಇದು ಎರಡು ಪಟ್ಟು ಮುಖ್ಯ: ಓಡುತ್ತಿರುವ ವರ್ಚುವಲ್ ಯಂತ್ರದ ನಡುವೆ ಕರೆಂಟ್ ಹೋದರೆ ಅದರ ಡಿಸ್ಕ್ ಫೈಲು ಕೆಡಬಹುದು, ಕೆಟ್ಟರೆ ಮರಳಲು ಒಂದು ನೆಲೆ ಬೇಕು.

ಲಿನಕ್ಸ್‌ನಲ್ಲಿ ವಿಂಡೋಸ್ ತಂತ್ರಾಂಶ ಓಡಿಸುವ ವೈನ್‌ನಲ್ಲಿ ಓಡಿತೆಂದರೆ ವಿಂಡೋಸ್‌ನಲ್ಲಿ ಓಡುತ್ತದೆ ಎಂದಲ್ಲ. ಹಾಗೆಯೇ ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ನಲ್ಲಿ ಸಿ ಡ್ರೈವಿನ ಫೋಲ್ಡರಿನಿಂದ ಓಡಿಸಿದ ಪರೀಕ್ಷೆ, ಫೈಲುಗಳ ಹೆಸರಿನ ಮಟ್ಟಿಗೆ ಲಿನಕ್ಸ್ ಪರೀಕ್ಷೆಯಾಗದು. ಮ್ಯಾಕ್ ಸಿಸ್ಟಂ ಅನ್ನು ಆಪಲ್ ಯಂತ್ರಗಳ ಮೇಲಷ್ಟೇ ವರ್ಚುವಲ್ ಆಗಿ ಓಡಿಸಲು ಅದರ ಪರವಾನಗಿ ಒಪ್ಪುತ್ತದೆ. ಆದ್ದರಿಂದ ಮ್ಯಾಕ್ ಇಲ್ಲದವರು ಐದನೆಯ ಹಂತವನ್ನೇ ನೆಚ್ಚಿಕೊಂಡು, ತೆರೆಯನ್ನು ನೋಡುವ ಕೆಲಸಕ್ಕೆ ಮ್ಯಾಕ್ ಇರುವ ಪರಿಚಯದವರ ನೆರವು ಕೇಳುವುದೇ ದಾರಿ.

ಕಣ್ಣಿನಿಂದ ನೋಡಲೇಬೇಕಾದದ್ದು ಫಾಂಟ್. ಈಗಿನ ವಿಂಡೋಸ್‌ನಲ್ಲಿ ಕನ್ನಡಕ್ಕೆ ನಿರ್ಮಲಾ ಯುಐ ಇರುತ್ತದೆ. ತುಂಗಾ ವಿಂಡೋಸ್ 10ರಿಂದ ಐಚ್ಛಿಕವಾಗಿದೆ. ಮ್ಯಾಕ್‌ನಲ್ಲಿ ಕನ್ನಡ ಎಂಎನ್ ಮತ್ತು ಕನ್ನಡ ಸಂಗಂ ಎಂಎನ್, ಲಿನಕ್ಸ್‌ಗಳಲ್ಲಿ ಹೆಚ್ಚಾಗಿ ನೋಟೊ ಅಥವಾ ಲೋಹಿತ್. ವರದಿಯಲ್ಲಿ ತುಂಗಾ ಎಂದು ಹೆಸರಿಸಿಟ್ಟರೆ ಬೇರೆ ಕಡೆ ಅಕ್ಷರದ ಅಗಲ ಬದಲಾಗಿ ಕಾಲಮ್ಮುಗಳು ಒಂದರ ಮೇಲೊಂದು ಹತ್ತುತ್ತವೆ. ಒತ್ತಕ್ಷರ ಪಕ್ಕಕ್ಕೆ ಸರಿದು ಬಿಡಿಯಾಗಿ ಕಂಡರೆ ದೋಷ ಸಾಮಾನ್ಯವಾಗಿ ಫಾಂಟಿನದಲ್ಲ, ಅಕ್ಷರ ಜೋಡಿಸುವ ಲೈಬ್ರರಿಯದು.

ಹಂತ 7: ಬಳಕೆದಾರರಂತೆ ಅನುಸ್ಥಾಪಿಸಿ

ಪೈಥಾನ್ ಆಗಲೀ ಗಿಟ್ ಆಗಲೀ ಇಲ್ಲದ, ಸ್ನ್ಯಾಪ್‌ಶಾಟಿಗೆ ಮರಳಿಸಿದ ಯಂತ್ರದಲ್ಲಿ ಈ ಹಂತ ನಡೆಯಬೇಕು. ಪೈಥಾನ್ ಕೋಡನ್ನು ಪ್ಯಾಕೇಜಾಗಿ ಕಟ್ಟಲು ಪೈಇನ್‌ಸ್ಟಾಲರ್ ಬಳಸುವವರು ಪ್ರತಿ ಸಿಸ್ಟಂನ ಪ್ಯಾಕೇಜನ್ನು ಅದೇ ಸಿಸ್ಟಂನಲ್ಲಿ ಕಟ್ಟಬೇಕು. ಲಿನಕ್ಸ್‌ನಲ್ಲಿ ಕುಳಿತು ವಿಂಡೋಸ್‌ಗೆ ಕಟ್ಟಲಾಗದು. ಲಿನಕ್ಸ್ ಪ್ಯಾಕೇಜನ್ನು ನಿಮ್ಮ ಪಟ್ಟಿಯಲ್ಲಿರುವ ಅತ್ಯಂತ ಹಳೆಯ ವಿತರಣೆಯಲ್ಲಿ ಕಟ್ಟಿ, ಏಕೆಂದರೆ ಲಿನಕ್ಸ್‌ನ ಮೂಲ ಲೈಬ್ರರಿಯಾದ ಹೊಸ ಜಿಲಿಬ್‌ಸಿಯ ಮೇಲೆ ಕಟ್ಟಿದ್ದು ಹಳೆಯದರ ಮೇಲೆ "ಆವೃತ್ತಿ ಸಿಗಲಿಲ್ಲ" ಎಂದು ನಿಲ್ಲಬಹುದು.

ಪ್ಯಾಕೇಜನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ನಕಲಿಸಬೇಡಿ, ಬ್ರೌಸರ್‌ನಿಂದಲೇ ಇಳಿಸಿಕೊಳ್ಳಿ. ಇಂಟರ್ನೆಟ್‌ನಿಂದ ಬಂದ ಫೈಲಿಗೆ ವಿಂಡೋಸ್ ಮತ್ತು ಮ್ಯಾಕ್ ಎರಡೂ ಗುಟ್ಟಾದ ಗುರುತು ಹಾಕುತ್ತವೆ, ತಡೆಯುವ ಎಚ್ಚರಿಕೆಯ ಕಿಟಕಿ ಬರುವುದು ಆ ಗುರುತಿನಿಂದಲೇ. ಪೆನ್‌ಡ್ರೈವ್‌ನಲ್ಲಿ ತಂದಾಗ ನಿಮಗೆ ಆ ಕಿಟಕಿ ಕಾಣದೇ ಹೋಗಬಹುದು, ಬಳಕೆದಾರರಿಗೆ ಮಾತ್ರ ಕಾಣುತ್ತದೆ. ಸಹಿಯಿಲ್ಲದ ತಂತ್ರಾಂಶವನ್ನು ಮ್ಯಾಕ್‌ನ 15ನೆಯ ಆವೃತ್ತಿಯಿಂದ ಈಚೆಗೆ ಬಲ ಕ್ಲಿಕ್ ಮಾಡಿ ತೆರೆಯುವ ಉಪಾಯವೂ ಇಲ್ಲ. ಸೆಟ್ಟಿಂಗ್ಸ್‌ನ ಪ್ರೈವಸಿ ಮತ್ತು ಸೆಕ್ಯುರಿಟಿ ಪುಟಕ್ಕೆ ಹೋಗಿ ಒಪ್ಪಿಗೆ ಕೊಡಬೇಕು. ಕೈಪಿಡಿಯಲ್ಲಿ ಈ ಹೆಜ್ಜೆಗಳನ್ನು ಚಿತ್ರಸಹಿತ ಬರೆಯಿರಿ.

ಬಳಕೆದಾರರ ಹೆಸರಿನಲ್ಲಿ ಖಾಲಿ ಜಾಗ ಇರುವ ಒಂದು ಖಾತೆ, ಹೆಸರೇ ಕನ್ನಡದಲ್ಲಿರುವ ಇನ್ನೊಂದು ಖಾತೆ, ಹೀಗೆ ಎರಡರಲ್ಲೂ ಅನುಸ್ಥಾಪಿಸಿ. ಕೊನೆಗೆ ತಂತ್ರಾಂಶವನ್ನು ತೆಗೆದುಹಾಕಿ ನೋಡಿ. ಮಳೆಯ ದಾಖಲೆಗಳು ಉಳಿದಿರಬೇಕು.

ಹಂತ 8: ದೂರು ಬರುವ ದಾರಿಯನ್ನು ಸಿದ್ಧಪಡಿಸಿ

"ಓಡುತ್ತಿಲ್ಲ" ಎಂಬ ಒಂದು ಸಾಲಿನ ವಾಟ್ಸ್‌ಆ್ಯಪ್ ಸಂದೇಶದಿಂದ ಯಾವ ದೋಷವೂ ಸಿಗುವುದಿಲ್ಲ. ತಂತ್ರಾಂಶದಲ್ಲೇ ಒಂದು ಗುಂಡಿ ಇಟ್ಟು, ಅದನ್ನು ಒತ್ತಿದಾಗ ಸಿಸ್ಟಂನ ಹೆಸರು ಮತ್ತು ಆವೃತ್ತಿ, ಚಿಪ್ಪಿನ ಬಗೆ, ತಂತ್ರಾಂಶದ ಆವೃತ್ತಿ, ರೂಢಿಯ ಅಕ್ಷರ ಸಂಕೇತ, ಸಮಯ ವಲಯ, ಕೊನೆಯ ದೋಷದ ಪಠ್ಯ ಇಷ್ಟನ್ನೂ ಒಂದು ಫೈಲಿಗೆ ಬರೆಯುವಂತೆ ಮಾಡಿ. ಕೂಲಿಯವರ ಹೆಸರು, ತೋಟದ ಲೆಕ್ಕ ಆ ಫೈಲಿಗೆ ಸೇರಬಾರದು.

ದೂರು ಬಂದೊಡನೆ ಕೋಡ್ ತಿದ್ದಲು ಹೋಗಬೇಡಿ. ಮೊದಲು ಆ ದೋಷವನ್ನು ಹಿಡಿಯುವ ಪರೀಕ್ಷೆಯೊಂದನ್ನು ಬರೆದು ಐದನೆಯ ಹಂತಕ್ಕೆ ಕಳುಹಿಸಿ, ಸಂಬಂಧಪಟ್ಟ ಸಿಸ್ಟಂನಲ್ಲಿ ಅದು ಕೆಂಪಾಗುವುದನ್ನು ನೋಡಿದ ಮೇಲೆ ತಿದ್ದಿ. ಕೆಂಪಾಗದಿದ್ದರೆ ನೀವು ಬರೆದದ್ದು ಬೇರೆ ಯಾವುದೋ ದೋಷದ ಪರೀಕ್ಷೆ. ಆಗ ದೂರು ಕೊಟ್ಟವರ ಮೂಲ ಫೈಲನ್ನು, ವಾಟ್ಸ್‌ಆ್ಯಪ್‌ನಲ್ಲಿ ಪಠ್ಯವಾಗಿ ಅಂಟಿಸದೆ, ಜಿಪ್ ಮಾಡಿ ಕಳುಹಿಸಲು ಕೇಳಿ.